ಹೊಟ್ಟೆಗೆ ಇಸ್ತ್ರಿ

ಗರಿಗರಿಯವರ ಹೊಟ್ಟೆನೋವು ಮೊಟ್ಟಮೊದಲು ಕಾಣಿಸಿಕೊಂಡದ್ದು ಅವರ ಅಂಗಿಯಲ್ಲಿ. ಬೀದಿಯ ತಿರುವಿನಲ್ಲಿರುವ ಇಸ್ತ್ರಿ ಅಂಗಡಿಯ ಯಜಮಾನರು ಅವರು. ಊರವರ ಬಟ್ಟೆಗೆ ಹೇಗೋ ಏನೋ, ತಮ್ಮ ಅಂಗಿಗೆ ಮಾತ್ರ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಇನ್ನೊಮ್ಮೆ ಇಸ್ತ್ರಿ ಹಾಕಿಯೇ ತೊಡುತ್ತಿದ್ದರು. ಅವರು ನಡೆದು ಬಂದರೆ ಅಂಗಿ ಮುಂದೆ ಬಂದು, ಅವರು ಅದರ ಹಿಂದೆ ಬಂದಂತೆ ಕಾಣುತ್ತಿತ್ತು. ಹಾಗಾಗಿ ಹೆತ್ತವರಿಟ್ಟ ಹೆಸರನ್ನು ಬೀದಿ ಎಂದೋ ಮರೆತು ಗರಿಗರಿ ಎಂಬುದನ್ನೇ ಕಾಯಂ ಮಾಡಿತ್ತು. ಅಂಥ ಅಂಗಿಯ ಹೊಟ್ಟೆಯ ಭಾಗದಲ್ಲಿ ಒಂದು ದಿನ ಅಡ್ಡಡ್ಡ ಸುಕ್ಕುಗಳು ಮೂಡಿದವು. ಮರುದಿನವೂ ಮೂಡಿದವು. ಎದುರಿನ ಕ್ಷೌರದಂಗಡಿಯವನು ಬೀದಿಯ ಎಲ್ಲರ ತಲೆಯನ್ನೂ, ತಲೆಯೊಳಗಿನ ಸುದ್ದಿಯನ್ನೂ ಬಲ್ಲವನು. ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ.

"ಏನ್ ಮಾಮ, ಅಂಗಿ ಮುದುಡಿದೆ? ಮನೇಲಿ ಏನಾದ್ರೂ ಜಗಳಾನಾ?"

"ಮನೇಲಲ್ಲಪ್ಪ, ಹೊಟ್ಟೇಲಿ" ಎಂದರು ಗರಿಗರಿ.

ಹೊಟ್ಟೆಯ ಜಗಳ ದಿನದಿಂದ ದಿನಕ್ಕೆ ಜೋರಾಯಿತು. ಇಸ್ತ್ರಿ ಮೇಜಿನ ಮುಂದೆ ನೆಟ್ಟಗೆ ನಿಲ್ಲುತ್ತಿದ್ದ ಮನುಷ್ಯ ಬಾಗಿಹೋದರು. ತಟ್ಟೆಗೆ ಬಡಿಸಿದ್ದು ತಟ್ಟೆಯಲ್ಲೇ ಉಳಿಯತೊಡಗಿತು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. "ಮೈ ಇಳಿದ್ರೆ ಒಳ್ಳೇದೇ ಅಲ್ವೇನೆ, ಅಂಗಿ ಚೆನ್ನಾಗಿ ಕೂರುತ್ತೆ" ಎಂದು ಹೆಂಡತಿಗೆ ಸಮಾಧಾನ ಹೇಳಿದರು. ಹೆಂಡತಿ ಇಂಥದ್ದಕ್ಕೆಲ್ಲ ಸಮಾಧಾನವಾಗುವ ಪೈಕಿ ಅಲ್ಲ.

"ಅಂಗಿ ಕೂರೋದಿರಲಿ ರೀ, ನಿಮಗೆ ಕೂರೋಕಾಗ್ತಿಲ್ಲ, ಏಳೋಕಾಗ್ತಿಲ್ಲ. ನಡೀರಿ ಆಸ್ಪತ್ರೆಗೆ" ಎಂದು ತಾನೇ ಅಂಗಡಿಯ ಬಾಗಿಲೆಳೆದು ಬೀಗ ಜಡಿದಳು.

ಆಸ್ಪತ್ರೆಯ ಡಾಕ್ಟರಮ್ಮನಿಗೆ ಮಾತು ಕಡಿಮೆ, ಬೆರಳು ಚುರುಕು. ಹೊಟ್ಟೆಯನ್ನು ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು. ಒಂದು ಕಡೆ ಒತ್ತಿದಾಗ ಗರಿಗರಿ "ಅಯ್ಯಯ್ಯೋ" ಎಂದದ್ದೇ ತಡ, ಅದೇ ಜಾಗವನ್ನು ಮತ್ತೆ ಮತ್ತೆ ಒತ್ತಿದರು. ನೋವಿರುವ ಜಾಗ ಸಿಕ್ಕಿತೆಂದರೆ ಡಾಕ್ಟರುಗಳಿಗೆ ಅದನ್ನು ಬಿಟ್ಟು ಬರಲು ಮನಸ್ಸೇ ಆಗುವುದಿಲ್ಲ. ಕೊನೆಗೆ ಕೈ ತೊಳೆದುಕೊಂಡು, ನೋವಿಗೆ ಮಾತ್ರೆ ಬರೆದರು, ರಕ್ತ ಪರೀಕ್ಷೆಗೆ ಬರೆದರು, ಸಿ.ಟಿ. ಸ್ಕ್ಯಾನಿಗೆ ಬರೆದರು.

"ನಾಳೆ ಬೆಳಗ್ಗೆ ಖಾಲಿ ಹೊಟ್ಟೇಲಿ ಬನ್ನಿ. ತಡ ಮಾಡ್ಬೇಡಿ."

"ಸ್ಕ್ಯಾನ್ ಯಾಕೆ ಡಾಕ್ಟ್ರಮ್ಮ?" ಎಂದಳು ಹೆಂಡತಿ.

"ಒಳಗೆ ಏನಿದೆ ನೋಡೋಣ" ಎಂದರು ಡಾಕ್ಟರಮ್ಮ. ಅಷ್ಟರಲ್ಲಿ ಮುಂದಿನ ರೋಗಿ ಆಗಲೇ ಕುರ್ಚಿಯ ಮೇಲೆ ಅರ್ಧ ಕೂತಾಗಿತ್ತು.

ಮರುದಿನ ಬೆಳಗ್ಗೆ ಗರಿಗರಿ ತಮ್ಮಲ್ಲಿದ್ದ ಅತ್ಯುತ್ತಮ ಅಂಗಿ ತೊಟ್ಟು ಹೋದರು. ಮುಂದಿನ ಅವಾಂತರಕ್ಕೆಲ್ಲ ಬೀಜ ಬಿದ್ದದ್ದು ಅಲ್ಲಿಯೇ ಎಂದು ಹೇಳಬೇಕು. ಏಕೆಂದರೆ ಸ್ಕ್ಯಾನಿನ ಕೋಣೆಯವನು ಮೊದಲು ಮಾಡಿದ ಕೆಲಸವೆಂದರೆ ಆ ಅಂಗಿಯನ್ನು ಬಿಚ್ಚಿಸಿ, ಆಸ್ಪತ್ರೆಯ ಹಸಿರು ನಿಲುವಂಗಿಯೊಂದನ್ನು ಅವರ ಕೈಗೆ ಕೊಟ್ಟದ್ದು. ನಿಲುವಂಗಿಯನ್ನು ಒಗೆದಿದ್ದರು. ಆದರೆ ಒಗೆದು ಹಿಂಡಿ ಹಾಗೇ ಒಣಗಿಸಿದ್ದರು.

"ಇದಕ್ಕೆ ಇಸ್ತ್ರಿ ಹಾಕಿಲ್ಲ" ಎಂದರು ಗರಿಗರಿ, ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು.

"ಮಶೀನಿಗೆ ಇಸ್ತ್ರಿ ಬೇಡ ಯಜಮಾನ್ರೇ, ಹಾಕ್ಕೊಳ್ಳಿ."

"ಮಶೀನಿಗೆ ಬೇಡದಿದ್ರೂ ಮನುಷ್ಯನಿಗೆ ಬೇಡ್ವೇನ್ರಿ? ಅಂಗಡಿ ಹತ್ರದಲ್ಲೇ ಇದೆ. ಹೋಗಿ ಹಾಕ್ಕೊಂಡು ಬರ್ತೀನಿ."

ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು. ಸ್ಕ್ಯಾನಿನವನು ಅವರ ಬೆಲ್ಟು, ಗಡಿಯಾರ, ಉಂಗುರಗಳನ್ನು ಬಿಚ್ಚಿಸಿ ಹೆಂಡತಿಯ ಕೈಗೆ ಕೊಟ್ಟ. ಅವರು ನೋವಿನಿಂದ ಮುಖ ಕಿವುಚುತ್ತಿದ್ದದ್ದನ್ನು ನೋಡಿದ ನರ್ಸಮ್ಮ ಒಂದು ಸೂಜಿ ಚುಚ್ಚಿ, "ಇದು ನೋವಿಗೆ" ಎಂದು ಹೇಳಿ ಹೋದಳು. ಆ ಮಾತು ಗರಿಗರಿಯವರ ಕಿವಿಗೆ ಬೀಳಲಿಲ್ಲ. ಅವರು ನಿಲುವಂಗಿಯ ಮಡಿಕೆಗಳನ್ನು ಅಂಗೈಯಿಂದ ತೀಡುತ್ತಿದ್ದರು.

ಸ್ಕ್ಯಾನಿನವನು ದಿನವೂ ಎಲ್ಲರಿಗೂ ಹೇಳುವುದನ್ನು ಅವರಿಗೂ ಒಂದೇ ಉಸಿರಿನಲ್ಲಿ ಹೇಳಿದ. "ಔಷಧಿ ಏನಾದ್ರೂ ಒಗ್ಗಲ್ವಾ? ಸಕ್ಕರೆ ಕಾಯಿಲೆ? ಕಿಡ್ನಿ ತೊಂದ್ರೆ? ಇಲ್ಲ ತಾನೆ? ಬೆಳಗ್ಗೆಯಿಂದ ಏನೂ ತಿಂದಿಲ್ಲ ತಾನೆ? ಕೈಗೆ ಒಂದು ಮದ್ದು ಹೋಗುತ್ತೆ, ಮೈಯೆಲ್ಲ ಬಿಸಿ ಆಗುತ್ತೆ, ಬಾಯಲ್ಲಿ ಕಬ್ಬಿಣದ ರುಚಿ ಬರುತ್ತೆ, ಒಂದಕ್ಕೆ ಹೋದ ಹಾಗೆ ಅನ್ಸುತ್ತೆ, ಹೋಗಿರಲ್ಲ, ಗಾಬರಿ ಬೇಡ. ಉಸಿರು ಹಿಡೀರಿ ಅಂದಾಗ ಹಿಡೀರಿ, ಅಲ್ಲಾಡ್ಬೇಡಿ." ಇಷ್ಟೆಲ್ಲ ಹೇಳಿದ ಮನುಷ್ಯ ಒಂದೇ ಒಂದು ಮಾತನ್ನು ಹೇಳಲಿಲ್ಲ: ಈ ಯಂತ್ರ ಒಳಗಿನ ಚಿತ್ರ ತೆಗೆಯುತ್ತದೆಯೇ ಹೊರತು ಒಳಗಿನ ರೋಗ ತೆಗೆಯುವುದಿಲ್ಲ ಎಂದು. ಅದೇನು ಹೇಳಬೇಕಾದ ಮಾತೇ, ಎಲ್ಲರಿಗೂ ಗೊತ್ತಿರುತ್ತದಲ್ಲ ಎಂದುಕೊಂಡಿರಬೇಕು. ಎಲ್ಲರಿಗೂ ಗೊತ್ತಿತ್ತು ಕೂಡ, ಒಬ್ಬರನ್ನು ಬಿಟ್ಟು.

ಗರಿಗರಿ ಹಾಸಿಗೆಯ ಮೇಲೆ ಮಲಗಿದರು. ಎದುರಿಗೆ ಬಿಳಿಯ ದೊಡ್ಡ ಬಳೆಯಂಥ ಯಂತ್ರ. ಹಾಸಿಗೆ ತಾನೇ ಸರಿದು ಬಳೆಯೊಳಗೆ ಹೋಯಿತು, ಹೊರಗೆ ಬಂತು, ಮತ್ತೆ ಹೋಯಿತು. ಇಂಥದ್ದೊಂದನ್ನು ಅವರು ಹಿಂದೆ ನೋಡಿದ್ದರು. ದೊಡ್ಡ ಹೋಟೆಲೊಂದರ ಬಟ್ಟೆ ಕೋಣೆಯಲ್ಲಿ ಉರುಳೆ ಯಂತ್ರವಿತ್ತು. ಮುದುಡಿದ ಹಾಸಿಗೆ ಬಟ್ಟೆ ಈ ಕಡೆಯಿಂದ ಒಳಗೆ ಹೋದರೆ ಆ ಕಡೆಯಿಂದ ನುಣ್ಣಗೆ ಹೊರಗೆ ಬರುತ್ತಿತ್ತು. ಅದನ್ನು ನೆನೆಯುತ್ತಿದ್ದಂತೆ ಕೈಯಲ್ಲಿ ಮದ್ದು ಹೊಕ್ಕಿತು. ಗಂಟಲಲ್ಲಿ ಬಿಸಿ ಎದ್ದಿತು, ಎದೆಗೆ ಇಳಿಯಿತು, ಹೊಟ್ಟೆಗೆ ಇಳಿಯಿತು, ಇನ್ನೂ ಕೆಳಗೆ ಇಳಿದು ಅವರಿಗೆ ನಾಚಿಕೆಯಾಗುವ ಜಾಗಕ್ಕೂ ಹೋಗಿ ಆರಿತು. "ಉಸಿರು ಬಿಡಿ" ಎಂದಿತು ಯಂತ್ರ. ಬಿಟ್ಟರು. ಹೊಟ್ಟೆ ಮುಟ್ಟಿ ನೋಡಿಕೊಂಡರು. ನೋವಿಲ್ಲ!

ಸುಕ್ಕು ಇತ್ತು. ಬಿಸಿ ಹಾಯಿತು. ಸುಕ್ಕು ಹೋಯಿತು. ಜೀವಮಾನವಿಡೀ ಇದೊಂದೇ ವಿದ್ಯೆಯಿಂದ ಬದುಕಿದ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

"ಇಷ್ಟೇನಾ?" ಎಂದು ಕೇಳಿದರು, ಕಣ್ಣಲ್ಲಿ ನೀರು ತಂದುಕೊಂಡು.

"ಇಷ್ಟೇ. ನೀರು ಚೆನ್ನಾಗಿ ಕುಡೀರಿ. ನಾಳೆ ಸಂಜೆ ಕಿಟಕೀಲಿ ರಿಪೋರ್ಟ್ ತಗೊಂಡು ಡಾಕ್ಟರಮ್ಮನಿಗೆ ತೋರಿಸಿ" ಎಂದ ಸ್ಕ್ಯಾನಿನವನು. ಗರಿಗರಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಕೆಲಸಕ್ಕೆ ಸೇರಿದ ಮೇಲೆ ಅವನಿಗೆ ಯಾರೂ ಹಾಗೆ ಮಾಡಿರಲಿಲ್ಲ. ಅವನಿಗೆ ಒಂದು ಕ್ಷಣ ಗಾಬರಿಯಾಯಿತು.

ಮನೆಗೆ ಬಂದ ಮೇಲೆ ಹೆಂಡತಿ ಒಂದು ಸಣ್ಣ ಅನುಮಾನ ಎತ್ತಿದಳು. "ಅಲ್ಲಾ ರೀ, ಒಳಗೆ ನೋಡೋಕೆ ಅಂತ ತಾನೆ ಡಾಕ್ಟ್ರಮ್ಮ ಹೇಳಿದ್ದು?"

"ಬರೀ ನೋಡೋಕೆ ಅಷ್ಟು ದೊಡ್ಡ ಮಶೀನು ಯಾಕೆ ಬೇಕೇ? ನೋಡೋದು ಅಂದ್ರೆ ಅದು ಡಾಕ್ಟರು ಮಾತಾಡೋ ರೀತಿ. ನಾವು ಗಿರಾಕಿಗೆ 'ನೋಡೋಣ ಬಿಡಿ, ಕಲೆ ಹೋಗುತ್ತೆ' ಅನ್ನಲ್ವಾ? ಬರೀ ನೋಡ್ತಾ ಕೂರ್ತೀವಾ?"

"ಮತ್ತೆ ಆ ರಿಪೋರ್ಟ್?"

"ಬಟ್ಟೆ ಕೈಗೆ ಬಂದ ಮೇಲೆ ರಸೀದಿ ಯಾಕೆ?"

ಹೆಂಡತಿ ಇನ್ನೂ ವಾದ ಮಾಡುತ್ತಿದ್ದಳೋ ಏನೋ. ಆದರೆ ಅಂದು ಗರಿಗರಿ ತಟ್ಟೆ ತುಂಬ ಊಟ ಮಾಡಿ, ಮತ್ತೆ ಬಡಿಸು ಎಂದರು. ಎಷ್ಟೋ ವಾರಗಳಿಂದ ಅವಳು ಆ ಮಾತಿಗಾಗಿ ಕಾದಿದ್ದಳು. ಪಾತ್ರೆಯನ್ನೇ ಪಕ್ಕಕ್ಕೆ ತಂದಿಟ್ಟುಕೊಂಡು ಬಡಿಸಿದಳು. ಉಣ್ಣುವ ಗಂಡನೆದುರು ಯಾವ ಹೆಂಡತಿಯ ಅನುಮಾನ ನಿಂತೀತು? ಊಟದ ಜೊತೆಗೆ ಡಾಕ್ಟರಮ್ಮ ಬರೆದುಕೊಟ್ಟ ನೋವಿನ ಮಾತ್ರೆಗಳೂ ದಿನವೂ ಒಳಗೆ ಹೋಗಿ ಸದ್ದಿಲ್ಲದೆ ತಮ್ಮ ಕೆಲಸ ಮಾಡುತ್ತಿದ್ದವು. ಕೀರ್ತಿಯೆಲ್ಲ ಯಂತ್ರದ ಪಾಲಾಯಿತು.

ಅತ್ತ ಆಸ್ಪತ್ರೆಯ ಕಿಟಕಿಯಲ್ಲಿ ಅವರ ಲಕೋಟೆ ಕೂತಿತ್ತು. ದೊಡ್ಡ ಕರುಳಿನ ತಿರುವಿನಲ್ಲಿ ಒಂದು ಗಡ್ಡೆ ಇದೆ ಎಂದು ಅದರೊಳಗೆ ಸ್ಪಷ್ಟವಾಗಿ ಬರೆದಿತ್ತು. ಆಗ ಅದು ಅಲ್ಲಿಂದ ಎಲ್ಲಿಗೂ ಹೋಗಿರಲಿಲ್ಲ, ಕತ್ತರಿಸಿ ತೆಗೆಯಬಹುದಾಗಿತ್ತು. ಗರಿಗರಿಯವರೂ ಎಲ್ಲಿಗೂ ಹೋಗಲಿಲ್ಲ.

ಅವರು ಅಂಗಡಿಯಲ್ಲಿದ್ದರು, ಬೀದಿಗೆ ಪಾಠ ಹೇಳುತ್ತ. ಇಸ್ತ್ರಿ ಮೇಜಿನ ಮೇಲೆ ಮುದುಡಿದ ಅಂಗಿಯೊಂದನ್ನು ಹರಡಿ, "ಇದು ನಾನು" ಎನ್ನುವರು. ಇಸ್ತ್ರಿ ಪೆಟ್ಟಿಗೆ ಎತ್ತಿ, "ಇದು ಮಶೀನು" ಎನ್ನುವರು. ಅಂಗಿಯ ಹೊಟ್ಟೆಯ ಮೇಲೆ ಒಂದು ಸಲ ಎಳೆದು, "ಇದು ಬಿಸಿ. ಎಲ್ಲಿ, ಈಗ ಸುಕ್ಕು ತೋರಿಸಿ ನೋಡೋಣ!" ಎನ್ನುವರು. ಯಾರಿಂದಲೂ ತೋರಿಸಲಾಗುತ್ತಿರಲಿಲ್ಲ. ಕ್ಷೌರದಂಗಡಿಯವನು ಈ ಪ್ರಯೋಗವನ್ನು ಎಷ್ಟು ಸಲ ನೋಡಿದ್ದನೆಂದರೆ, ಗಿರಾಕಿಗಳ ತಲೆಯ ಮೇಲೆ ಬಾಚಣಿಗೆಯಿಂದ ಅದನ್ನೇ ಮಾಡಿ ತೋರಿಸುವಷ್ಟು ಪಳಗಿದ. ಪಕ್ಕದ ಹೊಲಿಗೆಯಂಗಡಿಯ ಅಕ್ಕ ತನ್ನ ಭುಜನೋವಿಗೆ ಇಡೀ ಮೈ ಯಂತ್ರದೊಳಗೆ ಹೋಗಬೇಕೇ, ಬರೀ ತೋಳು ತೂರಿಸಿದರೆ ಸಾಕೇ ಎಂದು ಕೇಳಲು ಬಂದಳು.

"ತೋಳು ಒಂದೇ ಯಾಕಮ್ಮ, ಹೋದ ಮೇಲೆ ಪೂರ್ತಿ ಹೋಗು. ಆದ್ರೆ ಖಾಲಿ ಹೊಟ್ಟೆ ಮುಖ್ಯ. ಮೈಮೇಲೆ ಲೋಹ ಇರಬಾರ್ದು. ಯಾವ ಔಷಧಿ ಒಗ್ಗಲ್ಲ ಅಂತ ಮೊದ್ಲೇ ಬಾಯಿಬಿಟ್ಟು ಹೇಳ್ಬೇಕು. ಉಸಿರು ಹಿಡಿ ಅಂದ್ರೆ ಹಿಡೀಬೇಕು. ಆಮೇಲೆ ನೀರು ಕುಡೀಬೇಕು" ಎಂದು ಗರಿಗರಿ ಬೆರಳು ಮಡಿಸಿ ಹೇಳಿದರು. ಒಂದು ಮಾತೂ ತಪ್ಪಿರಲಿಲ್ಲ. ದೊಡ್ಡ ತಪ್ಪೊಂದನ್ನು ತಲೆಯಲ್ಲಿಟ್ಟುಕೊಂಡವರು ಸಣ್ಣ ವಿಷಯಗಳಲ್ಲಿ ಬಹಳ ಕಟ್ಟುನಿಟ್ಟಾಗಿರುತ್ತಾರೆ.

ಆಸ್ಪತ್ರೆಯಿಂದ ಮನೆಗೆ ಫೋನು ಬಂತು. ಹೆಂಡತಿ ಎತ್ತಿದಳು.

"ಅಮ್ಮ, ನಿಮ್ಮ ಯಜಮಾನ್ರು ರಿಪೋರ್ಟ್ ತಗೊಂಡೇ ಹೋಗಿಲ್ಲ. ಡಾಕ್ಟರನ್ನ ಬೇಗ ನೋಡ್ಬೇಕಂತೆ."

"ಅಯ್ಯೋ, ಅವ್ರಿಗೆ ವಾಸಿಯಾಯ್ತಮ್ಮ. ನಿಮ್ಮ ಪುಣ್ಯ."

"ವಾಸಿಯಾಯ್ತಾ? ಬೇರೆ ಕಡೆ ತೋರಿಸಿದ್ರಾ?"

"ಇಲ್ಲಮ್ಮ, ನಿಮ್ಮಲ್ಲೇ. ಮಶೀನಲ್ಲೇ."

"ಅಮ್ಮ, ಮಶೀನಲ್ಲಿ ವಾಸಿ ಹೇಗೆ ಆಗುತ್ತೆ? ಸ್ವಲ್ಪ ಕೇಳಿ ಇಲ್ಲಿ..." ಎನ್ನುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. "ಇರಮ್ಮ, ಹಾಲು!" ಎಂದು ಅವಳು ಫೋನು ಇಟ್ಟು ಓಡಿದಳು.

ಮತ್ತೊಂದು ದಿನ ಅಂಗಡಿಗೇ ಫೋನು ಬಂತು. ಗರಿಗರಿ ಗಿರಾಕಿಯೊಬ್ಬನಿಗೆ, ಒಯ್ಯದೆ ಬಿಟ್ಟ ಬಟ್ಟೆಯ ಗಂಟನ್ನು ತೋರಿಸಿ ಜೋರು ಮಾಡುತ್ತಿದ್ದರು. "ಕೊಟ್ಟ ಮೇಲೆ ಬಂದು ಒಯ್ಯೋ ಜವಾಬ್ದಾರಿ ಬೇಡ್ವೇನಯ್ಯಾ?" ಎನ್ನುತ್ತಲೇ ಫೋನೆತ್ತಿದರು.

"ನಿಮ್ಮ ರಿಪೋರ್ಟ್ ಇಲ್ಲೇ ಇದೆ ಸಾರ್."

"ಇರಲಿ. ನಾನೇನು ಕೇಳ್ತಿದ್ದೀನಾ?"

"ಅದರಲ್ಲಿ ಒಂದು ವಿಷಯ ಇದೆ ಸಾರ್, ಡಾಕ್ಟರೇ ಹೇಳ್ಬೇಕು."

"ನೀವೇ ಹೇಳಿ."

"ಫೋನಲ್ಲಿ ಹೇಳೋಕಾಗಲ್ಲ ಸಾರ್."

"ಹೇಳೋಕಾಗದ್ದಕ್ಕೆ ಫೋನ್ ಯಾಕಮ್ಮ ಮಾಡ್ತೀರಿ?" ಎಂದು ಇಟ್ಟುಬಿಟ್ಟು, ಸುತ್ತ ನಿಂತವರಿಗೆ ವಿವರಿಸಿದರು. "ಇನ್ನೊಂದು ಸಲ ಮಶೀನಿಗೆ ಬನ್ನಿ ಅಂತ ಕರೀತಾರೆ. ವ್ಯಾಪಾರ! ಒಂದೇ ಸಲಕ್ಕೆ ಹೋದ ಸುಕ್ಕಿಗೆ ಎರಡು ಸಲ ಯಾಕೆ?" ಎಲ್ಲರೂ ಹೌದು ಹೌದು ಎಂದರು. ಆಸ್ಪತ್ರೆಯವರ ಆಟವನ್ನು ಪತ್ತೆಹಚ್ಚಿದ ಮನುಷ್ಯನೆಂದು ಅವರ ಗೌರವ ಇನ್ನಷ್ಟು ಏರಿತು. ತಿಂಗಳು ಕಳೆದಂತೆ ಫೋನುಗಳು ನಿಂತವು. ಆಸ್ಪತ್ರೆಗೂ ಬೇರೆ ಕೆಲಸವಿರುತ್ತದೆ.

ಈ ಕೀರ್ತಿಯನ್ನು ಸಹಿಸಲಾಗದವರು ಒಬ್ಬರಿದ್ದರು. ಅವರು ಹೆಂಡತಿಯ ಅಣ್ಣ, ವಿಮೆ ಕಚೇರಿಯಿಂದ ನಿವೃತ್ತರಾದವರು. ಆ ಕುಟುಂಬದಲ್ಲಿ ಕಾಯಿಲೆ ಎಂಬುದು ಇಷ್ಟು ವರ್ಷವೂ ಅವರ ಸ್ವಂತ ಆಸ್ತಿಯಾಗಿತ್ತು. ಯಾರಿಗೆ ನೆಗಡಿಯಾದರೂ ಅವರಿಗೆ ಅದಕ್ಕಿಂತ ಒಳ್ಳೆಯ ನೆಗಡಿ ಆಗಿರುತ್ತಿತ್ತು. ಈಗ ತಂಗಿಯ ಗಂಡ ಒಂದೇ ನೆಗೆತಕ್ಕೆ ಸಿ.ಟಿ. ಸ್ಕ್ಯಾನಿಗೆ ಹಾರಿ ಕೂತಿದ್ದು ಅವರ ನಿದ್ದೆ ಕೆಡಿಸಿತು.

"ನಿಜವಾಗ್ಲೂ ಅಷ್ಟು ಬಿಸಿ ಇರುತ್ತಾ ಭಾವ?" ಎಂದು ಅಂಗಡಿಗೆ ಬಂದು ಕೇಳಿದರು, ಯಾರೂ ಇಲ್ಲದ ಹೊತ್ತು ನೋಡಿ.

"ಅನುಭವಿಸಿದವರಿಗೇ ಗೊತ್ತು ಭಾವ" ಎಂದರು ಗರಿಗರಿ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು, ಮತ್ತು ಇಬ್ಬರೂ ಆ ಪದವನ್ನು ಸ್ವಲ್ಪ ಹಲ್ಲು ಕಡಿದೇ ಹೇಳುತ್ತಿದ್ದರು.

ಹೆಂಡತಿಯ ಅಣ್ಣನಾದ ಭಾವ ನೇರವಾಗಿ ಡಾಕ್ಟರಮ್ಮನ ಬಳಿ ಹೋಗಿ ತಮಗೂ ಒಂದು ಸಿ.ಟಿ. ಸ್ಕ್ಯಾನ್ ಬೇಕೆಂದರು. "ಸುಮ್ಮಸುಮ್ಮನೆ ಬರೆಯೋಕಾಗಲ್ಲ. ಅದರಲ್ಲಿ ಕಿರಣ ಇರುತ್ತೆ. ಕಾರಣ ಬೇಕು. ನಿಮಗೇನು ತೊಂದ್ರೆ?" ಎಂದರು ಡಾಕ್ಟರಮ್ಮ. ಭಾವ ತಮ್ಮ ಹಳೆಯ ಕಾಯಿಲೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಮೇಜಿನ ಮೇಲಿಟ್ಟರು. ಮಂಡಿ, ಬೆನ್ನು, ತೇಗು, ನಿದ್ದೆ. ಡಾಕ್ಟರಮ್ಮ ಎಲ್ಲಕ್ಕೂ ತಲೆಯಲ್ಲಾಡಿಸಿದರು. ಸೋತು ಎದ್ದವರು ಬಾಗಿಲ ತನಕ ಹೋಗಿ ತಿರುಗಿ ಬಂದರು. ತಮ್ಮ ಹೆಂಡತಿಗೂ ಹೇಳದೆ, ತಮಗೆ ತಾವೂ ಸರಿಯಾಗಿ ಹೇಳಿಕೊಳ್ಳದೆ, ಹೆದರಿಕೆಯಿಂದ ಬಚ್ಚಿಟ್ಟ ಕಾಯಿಲೆಯೊಂದು ಅವರಲ್ಲಿ ಉಳಿದಿತ್ತು. ಸ್ಕ್ಯಾನಿನ ಆಸೆಗೆ ಅದನ್ನೂ ಖರ್ಚು ಮಾಡಿದರು.

"ಆಗಾಗ ಉಚ್ಚೇಲಿ ರಕ್ತ ಹೋಗುತ್ತೆ" ಎಂದರು, ಗೋಡೆ ನೋಡುತ್ತ.

ಡಾಕ್ಟರಮ್ಮ ಪೆನ್ನು ಎತ್ತಿಕೊಂಡು ಸ್ಕ್ಯಾನಿಗೆ ಬರೆದರು.

ಸ್ಕ್ಯಾನಿನ ದಿನ ಭಾವನಿಗೆ ದಾರಿ ತೋರಿಸಲೆಂದು ಗರಿಗರಿಯೂ ಹೊರಟರು. ಜೊತೆಗೆ ಅವರಿಗೆ ಇನ್ನೊಂದು ಗುಟ್ಟಿನ ಕೆಲಸವಿತ್ತು. ಮಾತ್ರೆಗಳು ಮುಗಿದಿದ್ದವು, ಹೊಟ್ಟೆಯ ಜಗಳ ಮತ್ತೆ ಶುರುವಾಗಿತ್ತು, ಹಿಂದಿಗಿಂತ ಜೋರಾಗಿ. ಬೀದಿಗೆ ಇದನ್ನು ಹೇಳುವಂತಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಇಸ್ತ್ರಿ ಹಾಕಿದ ಬಟ್ಟೆಯೂ ತೊಟ್ಟರೆ ಮುದುಡುತ್ತದಷ್ಟೆ, ಸ್ಕ್ಯಾನಿನವನ ಕಿವಿಯಲ್ಲಿ ಹೇಳಿ ಇನ್ನೊಂದು ಸಲ ಹಾಕಿಸಿಕೊಂಡರಾಯಿತು ಎಂದು ಲೆಕ್ಕ ಹಾಕಿದ್ದರು. ಅದಕ್ಕೆಂದು ತಾವೂ ಖಾಲಿ ಹೊಟ್ಟೆಯಲ್ಲೇ ಇದ್ದು, ಅಂಗಿಯ ಮೇಲಿನ ಸುಕ್ಕು ಕಾಣದಂತೆ ಕೋಟು ತೊಟ್ಟಿದ್ದರು.

ಕಾಯುವ ಕೋಣೆಯಲ್ಲಿ ಬೆಂಚುಗಳ ತುಂಬ ಜನ. ಎಲ್ಲರ ಮುಖದಲ್ಲೂ ಹಸಿವು, ಹೆದರಿಕೆ. ಗರಿಗರಿ ತಡೆದುಕೊಳ್ಳಲಾಗದೆ ಎದ್ದು ನಿಂತು ಪಾಠ ಶುರುಮಾಡಿದರು. ಬೆಲ್ಟು ಬಿಚ್ಚಿ, ಗಡಿಯಾರ ಬಿಚ್ಚಿ, ಗರ್ಭಿಣಿ ಆಗಿದ್ದರೆ ಮೊದಲೇ ಹೇಳಿ, ಬಿಸಿಗೆ ಹೆದರಬೇಡಿ. ಬಾಗಿಲು ತೆರೆದು ಬಂದ ಸ್ಕ್ಯಾನಿನವನು ಮೆಚ್ಚಿ ಅಲ್ಲೇ ನಿಂತ. ತನ್ನ ಕೆಲಸವನ್ನು ತನಗಿಂತ ಚೆನ್ನಾಗಿ ಮಾಡುವವನು ಸಿಕ್ಕಿದ್ದಾನಲ್ಲ ಎಂದು ಅವನಿಗೆ ಸಂತೋಷವಾಯಿತು. ಆಗ ಗರಿಗರಿ ಮುಗಿಸಿದರು.

"ಆ ಬಿಸಿ ಹೊಟ್ಟೆ ದಾಟ್ತು ಅಂದ್ರೆ ತೀರಿತು. ರೋಗ ಎಲ್ಲಿದ್ರೂ ನುಣ್ಣಗೆ! ನೇರವಾಗಿ ಮನೆಗೆ ಹೋಗಿ ಊಟ ಮಾಡಿ."

"ಯಜಮಾನ್ರೇ, ಯಾರು ಹೇಳಿದ್ದು ಇದನ್ನ?"

"ನನ್ನ ಹೊಟ್ಟೆ ಹೇಳಿದ್ದು. ನೀವೇ ಅಲ್ವೇ ವಾಸಿ ಮಾಡಿದ್ದು? ಗುರುತು ಸಿಗಲಿಲ್ವಾ?"

ಗುರುತು ಸಿಕ್ಕಿತು. ಎರಡೂ ಕೈ ಹಿಡಿದು ಕುಲುಕಿದವರನ್ನು ಅವನು ಮರೆತಿರಲಿಲ್ಲ. "ರಿಪೋರ್ಟ್ ತಗೊಂಡ್ರಾ?" ಎಂದ. ಗರಿಗರಿ ನಕ್ಕರು. ಅವನು ಕಿಟಕಿಗೆ ಹೋಗಿ ಹುಡುಕಿಸಿ, ಧೂಳು ಕೂತ ಲಕೋಟೆ ತೆಗೆಸಿ, ಒಳಗಿನ ಕಾಗದದ ಮೇಲೆ ಕಣ್ಣಾಡಿಸಿದ. ಆಮೇಲೆ ಬಂದವನು ಬೇರೆಯೇ ಮನುಷ್ಯನಾಗಿದ್ದ. "ಕೂತ್ಕೊಳ್ಳಿ ಸಾರ್. ನೀರು ಬೇಕಾ ಸಾರ್? ಡಾಕ್ಟರಮ್ಮನ್ನ ಇಲ್ಲಿಗೇ ಕರೀತೀನಿ" ಎಂದ. ಆಸ್ಪತ್ರೆಯವರು ಗದರುವಷ್ಟು ದಿನ ಭಯವಿಲ್ಲ. ಅವರು ಇದ್ದಕ್ಕಿದ್ದಂತೆ ಮರ್ಯಾದೆ ಕೊಟ್ಟರೆ ಹೆದರಬೇಕು. ಗರಿಗರಿ ಕೋಟಿನ ಗುಂಡಿ ಹಾಕಿಕೊಂಡು ಬೆಂಚಿನ ಮೇಲೆ ಕೂತರು.

ಡಾಕ್ಟರಮ್ಮ ಬಹಳ ಹೊತ್ತು ಮಾತಾಡಿದರು. ಮಾತು ಕಡಿಮೆ ಇದ್ದವರು ಅಂದು ಅಷ್ಟು ಮಾತಾಡಿದ್ದೇ ಕೆಟ್ಟ ಸುದ್ದಿ.

"ಅದು ಬರೀ ಫೋಟೋ ತೆಗೆಯೋ ಮಶೀನು ಯಜಮಾನ್ರೇ. ಏನಿದೆ ಅಂತ ತೋರಿಸುತ್ತೆ, ಅಷ್ಟೇ."

"ಹಾಗಾದ್ರೆ ಆ ಬಿಸಿ?"

"ಫೋಟೋ ಚೆನ್ನಾಗಿ ಬರಲಿ ಅಂತ ಹಾಕೋ ಮದ್ದು ಅದು."

"ಬರೀ ಫೋಟೋಗಾ ಡಾಕ್ಟ್ರಮ್ಮ?" ಎಂದರು ಗರಿಗರಿ. ಮೋಸ ಹೋದವರ ದನಿ ಅದು. ಮೋಸ ಮಾಡಿದವರು ಮಾತ್ರ ಯಾರೂ ಇರಲಿಲ್ಲ.

ಅಂದು ಅವರ ಆಸೆಯಂತೆಯೇ ಇನ್ನೊಂದು ಸಲ ಸ್ಕ್ಯಾನ್ ಆಯಿತು. ಅದೇ ಸುಕ್ಕಿನ ನಿಲುವಂಗಿ ಕೊಟ್ಟರು. ಅವರು ಮಡಿಕೆಗಳನ್ನು ತೀಡದೆಯೇ ತೊಟ್ಟುಕೊಂಡರು. ಬಿಸಿ ಗಂಟಲಲ್ಲಿ ಎದ್ದು ಎದೆಗಿಳಿಯಿತು, ಹೊಟ್ಟೆಗಿಳಿಯಿತು. ಎಲ್ಲ ಹಿಂದಿನಂತೆಯೇ. ಈ ಸಲ ಮಾತ್ರ ಅದರಿಂದ ಏನೂ ಆಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಉಸಿರು ಬಿಡಿ ಎಂದು ಯಂತ್ರ ಹೇಳಿದ ಮೇಲೂ ಅವರು ಸ್ವಲ್ಪ ಹೊತ್ತು ಹಿಡಿದೇ ಇದ್ದರು. ಅಷ್ಟು ಭಯ ಅವರಿಗೆ ಎಂದೂ ಆಗಿರಲಿಲ್ಲ. ಮರುದಿನ ಸಂಜೆ ಕಿಟಕಿ ತೆರೆಯುವ ಮೊದಲೇ ಗಂಡಹೆಂಡಿರಿಬ್ಬರೂ ಹೋಗಿ ನಿಂತು ಲಕೋಟೆ ಪಡೆದರು. ಗಡ್ಡೆ ಯಕೃತ್ತಿಗೂ ಹರಡಿತ್ತು. ಕತ್ತರಿಸಿ ಉಪಯೋಗವಿಲ್ಲ, ನೋವು ಬಾರದಂತೆ ನೋಡಿಕೊಳ್ಳುತ್ತೇವೆ ಎಂದರು ಡಾಕ್ಟರಮ್ಮ.

ಭಾವನ ಲಕೋಟೆಯಲ್ಲೂ ಗಡ್ಡೆ ಇತ್ತು, ಒಂದು ಮೂತ್ರಪಿಂಡದಲ್ಲಿ, ಬಟಾಣಿ ಕಾಳಿನಷ್ಟು. ತಕ್ಷಣ ಆಪರೇಷನ್ ಮಾಡಿ ತೆಗೆದರು. ಹುಷಾರಾಗಿ ಬಂದವರು ಮೊದಲು ಮಾಡಿದ ಕೆಲಸವೆಂದರೆ ಇಸ್ತ್ರಿ ಅಂಗಡಿಗೆ ಬಂದು ತಂಗಿಯ ಗಂಡನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತದ್ದು. "ನೀವಿಲ್ಲದಿದ್ರೆ ನಾನು ಉಳೀತಿರಲಿಲ್ಲ ಭಾವ. ನೀವೇ ನನಗೆ ಜೀವ ಕೊಟ್ಟಿದ್ದು" ಎಂದರು. ಈ ಸಲ ಭಾವ ಎನ್ನುವಾಗ ಹಲ್ಲು ಕಡಿಯಲಿಲ್ಲ. ಗರಿಗರಿ ಅವರ ಬೆನ್ನು ತಟ್ಟಿದರು. ಸಂತೋಷವಾಗಿತ್ತು. ಹೊಟ್ಟೆಕಿಚ್ಚೂ ಆಗಿತ್ತು. ಒಂದೇ ಹೊಟ್ಟೆಯಲ್ಲಿ ಇಷ್ಟೆಲ್ಲ ಹಿಡಿಯುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ಬೀದಿ ಇದನ್ನೆಲ್ಲ ನೋಡಿ ಚೆನ್ನಾಗಿ ಯೋಚನೆ ಮಾಡಿತು. ಕ್ಷೌರದಂಗಡಿಯವನು, ಹೊಲಿಗೆಯಂಗಡಿಯ ಅಕ್ಕ, ಹೋಗುವವರು ಬರುವವರು ಎಲ್ಲ ಸೇರಿ, ಮೇಜಿಗೆ ಒರಗಿ ಕೂತಿದ್ದ ಗರಿಗರಿಯವರ ಮುಂದೆಯೇ ಸಭೆ ನಡೆಸಿದರು.

"ಅಲ್ಲಾ ಮಾಮ, ಅದೇ ಮಶೀನು, ಅದೇ ಬಿಸಿ. ಭಾವನವರಿಗೆ ಹಿಡೀತು. ನಿಮಗ್ಯಾಕೆ ಹಿಡೀಲಿಲ್ಲ?"

"ಬರೀ ಫೋಟೋ ಕಣಯ್ಯಾ ಅದು! ಭಾವ ರಿಪೋರ್ಟ್ ತಗೊಂಡ್ರು, ಡಾಕ್ಟ್ರಿಗೆ ತೋರಿಸಿದ್ರು, ಆಪರೇಷನ್ ಆಯ್ತು. ನಾನು ತಗೊಳ್ಳಲಿಲ್ಲ. ಅಷ್ಟೇ ವ್ಯತ್ಯಾಸ. ನಿಮ್ಮ ಮನೇಲಿ ಯಾರಾದ್ರೂ ಮಾಡಿಸಿದ್ರೆ ಹೋಗಿ ರಿಪೋರ್ಟ್ ತಗೊಳ್ರಯ್ಯಾ, ಕೈ ಮುಗೀತೀನಿ!"

"ಪಾಪ" ಎಂದಳು ಹೊಲಿಗೆಯ ಅಕ್ಕ. "ಕಾಯಿಲೆ ಮನುಷ್ಯ, ಏನೇನೋ ಮಾತಾಡ್ತಾರೆ."

"ಬೆಲ್ಟು ಬಿಚ್ಚಿದ್ರಾ ಮಾಮ?"

"ಬಿಚ್ಚಿದ್ದೆ."

"ಉಸಿರು ಮಧ್ಯೆ ಬಿಟ್ಟಿರ್ಬೇಕು."

"ಬಿಟ್ಟಿರಲಿಲ್ಲ ಕಣಯ್ಯಾ."

"ಹಾಗಾದ್ರೆ ಏನೋ ತಿಂದಿರ್ಬೇಕು" ಎಂದು ಕ್ಷೌರದಂಗಡಿಯವನು ತೀರ್ಪು ಕೊಟ್ಟ. ಅದೇ ಸರಿ ಎಂದು ಎಲ್ಲರಿಗೂ ಅನಿಸಿತು. ಖಾಲಿ ಹೊಟ್ಟೆ ಮುಖ್ಯ ಎಂದು ಮಾಮನೇ ಎಷ್ಟು ಸಲ ಹೇಳಿರಲಿಲ್ಲ? ತಾವೇ ಮಾಡಿದ ಕಾನೂನನ್ನು ತಾವೇ ಮುರಿದವರ ಮೇಲೆ ಕನಿಕರ ತೋರಿಸಿ ಎಲ್ಲರೂ ತಂತಮ್ಮ ಕೆಲಸಕ್ಕೆ ಹೋದರು.

ಅಂಗಡಿಯ ಹಿಂದಿನ ಮನೆಗೆ ಹೋಗುವ ಒಳಬಾಗಿಲಲ್ಲಿ ನಿಂತು ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಮಧ್ಯಾಹ್ನ ಗಂಡನ ಪಕ್ಕ ಬಂದು ಕೂತಳು. ರಿಪೋರ್ಟ್ ಬಂದ ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ, ಅವರನ್ನು ಬೈದೂ ಇರಲಿಲ್ಲ. ಬೈಯದಿದ್ದದ್ದೇ ಗರಿಗರಿಯವರಿಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತ್ತು.

"ನಾನೇ ಕಾರಣ ರೀ" ಎಂದಳು. "ಆ ಹುಡುಗಿ ಫೋನಲ್ಲಿ ಹೇಳೋಕೆ ಬಂದ್ಲು. ನಾನು ಹಾಲು ಅಂತ ಇಟ್ಬಿಟ್ಟೆ. ಒಂದು ಲೋಟ ಹಾಲಿಗೋಸ್ಕರ. ಅವತ್ತೇ ಕೇಳಿದ್ರೆ ನೀವು ಅಣ್ಣನ ಹಾಗೆ ಓಡಾಡ್ಕೊಂಡು ಇರ್ತಿದ್ರಿ."

"ಹಾಗೇನಿಲ್ವೇ..."

"ನಿಜ ಹೇಳಿ. ಅವರೆಲ್ಲ ಅಂತಿದ್ದಾರಲ್ಲ. ಅವತ್ತು ನೀವೇನಾದ್ರೂ ತಿಂದಿದ್ರಾ?"

ಅವರು ಅಂದು ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಬೀದಿಗೆಲ್ಲ ಗಂಟಲು ಹರಿಯುವಂತೆ ಹೇಳಿದ ಸತ್ಯವನ್ನು ಇವಳಿಗೆ ಇನ್ನೊಮ್ಮೆ ಹೇಳಬಹುದಾಗಿತ್ತು. ಇವಳು ನಂಬುತ್ತಿದ್ದಳು ಕೂಡ. ಅದೇ ತೊಂದರೆ. ನಂಬಿದರೆ ಆ ಹಾಲನ್ನು ಅವಳು ಬದುಕಿರುವ ತನಕ ಹೊತ್ತುಕೊಂಡಿರಬೇಕು, ಅದೂ ಒಬ್ಬಳೇ. ತಪ್ಪು ತಮ್ಮ ಹೊಟ್ಟೆಯದೆಂದರೆ ಅದು ತಮ್ಮ ಜೊತೆಗೇ ಹೋಗುತ್ತದೆ.

"ಹೂಂ" ಎಂದರು. "ತಿಂದಿದ್ದೆ."

"ಏನು?"

ಸುಳ್ಳಿಗೆ ತಯಾರಿ ಇರಲಿಲ್ಲ. "ಬಿಸ್ಕತ್ತು."

"ಯಾವಾಗ? ನಾನು ಪಕ್ಕದಲ್ಲೇ ಇದ್ದೆನಲ್ಲ?"

"ನೀನು ಸ್ನಾನಕ್ಕೆ ಹೋದಾಗ. ಡಬ್ಬದಿಂದ. ಹಸಿವು ತಡೆಯೋಕಾಗಲಿಲ್ಲ."

ಅವಳು ದಡಕ್ಕನೆ ಎದ್ದು ನಿಂತಳು. ಆಮೇಲೆ ಸ್ಫೋಟವಾಯಿತು. "ಅಯ್ಯೋ ನಿಮ್ಮ ನಾಲಿಗೆಗೆ ಬೆಂಕಿ ಬೀಳ! ಚಿಕ್ಕ ಮಗು ನೀವು? ಒಂದು ಬೆಳಗ್ಗೆ ಬಾಯಿ ಕಟ್ಟೋಕಾಗಲಿಲ್ವಾ? ಬಿಸ್ಕತ್ತಂತೆ ಬಿಸ್ಕತ್ತು! ಊರಿಗೆಲ್ಲ ಉಪದೇಶ ಮಾಡಿ, ಕದ್ದು ತಿಂದ್ರಾ?" ಬೀದಿಯ ಆ ತುದಿಯ ತನಕ ಕೇಳಿಸಿತು. ಕ್ಷೌರದಂಗಡಿಯವನು ಕತ್ತರಿ ಹಿಡಿದು ಹೊರಗೆ ಬಂದು, ತನ್ನ ತೀರ್ಪು ಸರಿಯಾಯಿತೆಂದು ಸಮಾಧಾನದಿಂದ ಒಳಗೆ ಹೋದ. ಅವಳು ಗಂಡನನ್ನು ಬೈದಳು, ಅವರನ್ನು ಮುದ್ದು ಮಾಡಿ ಕೆಡಿಸಿದ ಅತ್ತೆಯನ್ನು ಬೈದಳು, ಬಿಸ್ಕತ್ತು ಮಾಡುವವರನ್ನು ಬೈದಳು. ಬೈದು ಬೈದು ಅತ್ತಳು. ಅತ್ತು ಮುಖ ತೊಳೆದುಕೊಂಡು, ಇಬ್ಬರಿಗೂ ತಟ್ಟೆಯಿಟ್ಟು ಬಡಿಸಿ, ಎಷ್ಟೋ ದಿನಗಳ ಮೇಲೆ ತಾನೂ ಊಟಕ್ಕೆ ಕೂತಳು. ತುತ್ತಿಗೊಂದು ಬೈಗುಳ. ಗರಿಗರಿ ತಮ್ಮ ತಟ್ಟೆಯನ್ನು ಮುಟ್ಟದೆ, ಗೋಡೆಗೆ ಒರಗಿ, ಪ್ರತಿ ಬೈಗುಳಕ್ಕೂ "ಹೌದು, ನಂದೇ ತಪ್ಪು" ಎನ್ನುತ್ತ ಅವಳು ಉಣ್ಣುವುದನ್ನು ನೋಡುತ್ತಿದ್ದರು.

"ಎಷ್ಟು ತಿಂದ್ರಿ? ಒಂದಾ?" ಎಂದಳು ಸ್ವಲ್ಪ ಹೊತ್ತಾದ ಮೇಲೆ. ದನಿ ಇಳಿದಿತ್ತು, ಕೈ ತಟ್ಟೆಯಲ್ಲಿ ನಿಂತಿತ್ತು. ಅರ್ಧ ಊಟ ಇನ್ನೂ ಹಾಗೇ ಇತ್ತು.

"ನಾಲ್ಕು" ಎಂದರು ಗರಿಗರಿ.